ಮುತ್ತಜ್ಜನ ಹಂಚಿನ ಕಾರ್ಖಾನೆ ಮೊದಲು ಎಲ್ಲಿತ್ತು?

ಪ್ರಶ್ನೆ: ನಮ್ಮ ಮುತ್ತಜ್ಜ ಇಬ್ಬರು ಪಾಲುದಾರರೊಡನೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ನಡೆಸಿದ್ದರು. ಕೊನೆಗೆ ಅದು ಹೊಯಿಗೆಬಜಾರಿನಲ್ಲಿತ್ತು; ಅದಕ್ಕೂ ಮೊದಲು ‘ಹೊಳೆಬದಿಯಲ್ಲಿ ಬೇರೆಡೆ’ ಇತ್ತೆಂದು ಹಿರಿಯರು ಹೇಳುತ್ತಾರೆ. ಇಸವಿಯ ಅಚ್ಚಿರುವ ಒಂದು ಹಂಚು ಮಾತ್ರ ನಮ್ಮಲ್ಲಿದೆ. ಕಂದಾಯ ದಾಖಲೆಯಲ್ಲಿ ಅವರ ಹೆಸರೇ ಸಿಗುತ್ತಿಲ್ಲ. ಮೂಲ ಜಾಗವನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಮೊದಲಿಗೆ, ಹಂಚಿನ ಮೇಲಿನ ಇಸವಿಯನ್ನು ನೆಚ್ಚಬೇಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹಂಚುಗಳಲ್ಲಿ ಕಾಣುವ 1865 ಎಂಬುದು ಜೆಪ್ಪುವಿನಲ್ಲಿ ಅವರ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ. ನಿಮ್ಮ ಹಂಚಿನದೂ ಹಾಗೆಯೇ ಇರಬಹುದು. ‘ಮಂಗಳೂರು’ ಎಂಬ ಅಚ್ಚಿನಿಂದಲೂ ನಿಮಗೆ ಬೇಕಾದ ಗ್ರಾಮದ ಹೆಸರು ತಿಳಿಯುವುದಿಲ್ಲ.

ಕಂದಾಯ ದಾಖಲೆಯಲ್ಲಿ ಹೆಸರು ಸಿಗದಿರುವುದಕ್ಕೆ ಬಹುಶಃ ಕಾರಣ ಮೂಲಗೇಣಿ, ಅಂದರೆ ಶಾಶ್ವತ ಗೇಣಿ. ದಕ್ಷಿಣ ಕನ್ನಡದಲ್ಲಿ ಕಾರ್ಖಾನೆ ಕಟ್ಟಿದವನು ಭೂಮಿಯ ಒಡೆಯನೇ ಆಗಿರಬೇಕೆಂದಿರಲಿಲ್ಲ. ಹೀಗೆ ಗೇಣಿಗೆ ಜಾಗ ಪಡೆದು ಕಟ್ಟಡ, ಹಂಚು ಸುಡುವ ಗೂಡು, ಚಿಮಣಿಗಳನ್ನೆಲ್ಲ ಕಟ್ಟಿಸಿದ್ದರೂ ಅಡಂಗಲ್ಲಿನಲ್ಲಿ (ಗ್ರಾಮದ ಜಮೀನು ಲೆಕ್ಕದ ಪುಸ್ತಕದಲ್ಲಿ) ವರ್ಗದಾರನ, ಅಂದರೆ ಭೂಮಿಯ ಒಡೆಯನ ಹೆಸರೇ ಮುಂದುವರಿಯುವುದು ಸಾಧ್ಯವಿತ್ತು. ಆದ್ದರಿಂದ ವ್ಯಕ್ತಿಯನ್ನು ಬಿಟ್ಟು ಭೂಮಿಯನ್ನು ಹುಡುಕಿ. ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿಯಲ್ಲದೆ ಸ್ವತ್ತಿನ ಸೂಚಿಯೂ ಇರುತ್ತದೆ. ಮುತ್ತಜ್ಜನ ಹೆಸರು ಮಾತ್ರವಲ್ಲದೆ ಇಬ್ಬರು ಪಾಲುದಾರರ ಹೆಸರುಗಳನ್ನೂ ನೋಡಿಸಿ, ಬಳಿಕ ಶಂಕೆಯಿರುವ ಗ್ರಾಮಗಳ ಸರ್ವೆ ನಂಬರುಗಳನ್ನು ಹಿಡಿದು ಸ್ವತ್ತಿನ ಸೂಚಿಯನ್ನು ಹುಡುಕಿಸಿ. ಮೂಲಗೇಣಿ ಚೀಟು (ಗೇಣಿಪತ್ರ), ಪಾಲುಪತ್ರ, ಅಡಮಾನ ಇವುಗಳಲ್ಲಿ ಒಂದು ಸಿಕ್ಕಿದರೂ ಅದರ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು, ನಿಧಾನವಾಗಿ ಓದಿ. ‘ಪಡುವಿಗೆ ಹೊಳೆ, ತೆಂಕಿಗೆ ಧಕ್ಕೆಗೆ ಹೋಗುವ ದಾರಿ’ ಎಂಬಂಥ ಒಂದು ಸಾಲು ಹತ್ತು ಜನರ ನೆನಪಿಗಿಂತ ಮೇಲು.

ಗ್ರಾಮ ಯಾವುದೆಂದು ಊಹಿಸಲು ಈ ಉದ್ಯಮದ ಸ್ವಭಾವವೇ ನೆರವಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯ ಆವೆಮಣ್ಣು, ಗೂಡಿಗೆ ಬೇಕಾದ ಕಟ್ಟಿಗೆ ಎರಡೂ ದೋಣಿಯಲ್ಲಿ ಬರುತ್ತಿದ್ದವು. ಸಿದ್ಧವಾದ ಹಂಚು ಬಂದರಿನಿಂದ ಮಂಜಿಗಳಲ್ಲಿ (ಸರಕು ಸಾಗಿಸುವ ಹಾಯಿಹಡಗುಗಳಲ್ಲಿ) ಹೊರಡುತ್ತಿತ್ತು. ಜೆಪ್ಪು, ಬೋಳಾರ, ಕುದ್ರೋಳಿಗಳ ಹೊಳೆಬದಿಯಿಂದ ಆರಂಭಿಸುವುದು ಉಚಿತ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ, ಚೆನ್ನೈನ ತಮಿಳುನಾಡು ಪತ್ರಾಗಾರವನ್ನೂ ಮರೆಯಬಾರದು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿರುವ ಮತ್ತು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಸಂಗ್ರಹಗಳು ನಿಮ್ಮ ಕುಟುಂಬದವಲ್ಲದಿದ್ದರೂ, ಅಲ್ಲಿನ ಹಳೆಯ ನಕ್ಷೆ, ಛಾಯಾಚಿತ್ರಗಳಲ್ಲಿ ನೆರೆಯ ಚಿಮಣಿಗಳು ಮೂಡಿರುವ ಸಾಧ್ಯತೆಯುಂಟು.

ಕಾಗದ ತೋರಿಸಿದ ಜಾಗಕ್ಕೆ ಬೇಸಿಗೆಯಲ್ಲಿ, ನೀರಿನ ಇಳಿತದ ಹೊತ್ತಿನಲ್ಲಿ, ಈಗಿನ ಮಾಲೀಕರ ಅನುಮತಿ ಪಡೆದು ಹೋಗಿ. ಸರಿಯಾಗಿ ಬೆಂದ ಹಂಚಿನ ಚೂರುಗಳು ಸಿಕ್ಕಿದರೆ ಹಿಗ್ಗಬೇಡಿ; ಅವು ಯಾವುದೋ ಮನೆಯ ಮಾಡಿನಿಂದ ಬಿದ್ದವಾಗಿರಬಹುದು. ಹೆಚ್ಚು ಬೆಂದು ಸೊಟ್ಟಗಾಗಿ, ಕಪ್ಪಾಗಿ, ಎರಡು ಮೂರು ಒಂದಕ್ಕೊಂದು ಅಂಟಿಕೊಂಡ ಹಂಚುಗಳು ದಂಡೆಯಲ್ಲಿ ರಾಶಿಯಾಗಿ ಕಂಡರೆ ಮಾತ್ರ ಗೂಡು ಸನಿಹದಲ್ಲೇ ಇತ್ತೆನ್ನಬಹುದು, ಏಕೆಂದರೆ ಮಾರಲಾಗದ ಹಂಚನ್ನು ಯಾರೂ ದೂರಕ್ಕೆ ಹೊರುವುದಿಲ್ಲ. ಆ ರಾಶಿಯಲ್ಲಿ ಅಚ್ಚು ಉಳಿದಿರುವ ಒಂದು ಚೂರು ಸಿಕ್ಕಿದರೆ, ಅದನ್ನು ನಿಮ್ಮ ಮನೆಯ ಹಂಚಿನ ಪಕ್ಕದಲ್ಲಿಟ್ಟು ಅಕ್ಷರಗಳ ಆಕಾರವನ್ನು ಹೋಲಿಸಿ ನೋಡಿ.