ವೇದಿಕೆಗೆ ಯಾವ ಡಿಸ್ಟಾರ್ಷನ್ ಪೆಡಲ್?

ದಾವಣಗೆರೆಯ ಕಾಲೇಜು ವೇದಿಕೆಯಲ್ಲಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸಲು, ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲುಗಳಲ್ಲಿ ಬಾಸ್ (Boss) ಕಂಪನಿಯ ಡಿಎಸ್-1 ಸಾಕೇ, ಎಂಟಿ-2 ಬೇಕೇ ಎಂದು ಕೇಳಿದ್ದೀರಿ. ನನ್ನ ಮತ ಎಂಟಿ-2ಕ್ಕೆ. 1991ರ ಈ ಪೆಡಲನ್ನು ಬೈಯುವವರು ಬಹಳ. ತಪ್ಪು ಮಾತ್ರ ಮಿಡ್ (ನಡುಮಟ್ಟದ ದನಿಯ) ಗುಂಡಿಯನ್ನು ಪೂರ್ತಿ ಇಳಿಸಿಬಿಡುವ ನಮ್ಮ ಕೈಯದು. ಕೋಣೆಯಲ್ಲಿ ಗುಡುಗಿದಂತಿರುತ್ತದೆ, ಡ್ರಮ್ಸ್ ಸೇರಿದೊಡನೆ ಗಿಟಾರ್ ಮಾಯ. ಚಿತ್ರದುರ್ಗದಲ್ಲೊಮ್ಮೆ ಇಡೀ ಹಾಡು ಬೆವರು ಸುರಿಸಿ ನುಡಿಸಿದೆ, ಇಳಿದು ಬಂದರೆ ಗೆಳೆಯ, "ತಂತಿ ಕಿತ್ತಿತ್ತೇ?" ಎಂದ. ಮಿಡ್ ಏರಿಸಿ, ಡಿಸ್ಟಾರ್ಷನ್ ಅರ್ಧಕ್ಕಿಂತ ಕೆಳಗಿಡಿ.

ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮ ಕಡೆಯ ಮೈಕ್‌ಸೆಟ್‌ನವರು ಎಷ್ಟೋ ಸಲ ಗಿಟಾರ್ ಆಂಪ್ (ಗಿಟಾರಿನ ದನಿ ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ತರುವುದೇ ಇಲ್ಲ, ಕೇಬಲನ್ನು ನೇರ ಮಿಕ್ಸರ್‌ಗೆ ಚುಚ್ಚುತ್ತಾರೆ. ಆಗ ಯಾವ ಪೆಡಲ್ ಆದರೂ ಜೇನುಹುಳು ಡಬ್ಬಿಯೊಳಗೆ ಗುಂಯ್‌ಗುಟ್ಟಿದಂತೆಯೇ. ನಡುವೆ ಸ್ಪೀಕರ್ ಪೆಟ್ಟಿಗೆಯ ದನಿಯನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಇರಲಿ. ಹಣ ಸಾಲದಿದ್ದರೆ ಡಿಎಸ್-1 ಕೊಂಡು ಉಳಿದದ್ದನ್ನು ಆ ಸಿಮ್ಯುಲೇಟರಿಗೆ ಹಾಕಿ.