ಎರಡು ತಿಂಗಳಿಂದ ಪರ್ಸಲ್ಲೇ ಕೂತಿರೋ ಚೀಟಿ

"ಅಕ್ಕಾ, ನಂಗೆ 46 ವರ್ಷ. ತುಮಕೂರಲ್ಲಿ ಬ್ಯಾಂಕ್ ಕೆಲಸ, ಕ್ಯಾಶ್ ಕೌಂಟರ್. ಒಂದೂವರೆ ವರ್ಷದಿಂದ ಡೇಟ್ ಲೆಕ್ಕಕ್ಕೇ ಸಿಗ್ತಿಲ್ಲ, ಒಂದ್ಸಲ 20 ದಿನಕ್ಕೇ ಆಗುತ್ತೆ, ಇನ್ನೊಂದ್ಸಲ 50 ದಿನ ಆದ್ರೂ ಪತ್ತೆ ಇಲ್ಲ. ರಾತ್ರಿ 2-3 ಗಂಟೆಗೆ ನೈಟಿ ಹಿಂಡೋ ಹಂಗೆ ಬೆವತು ಎದ್ದು ಕೂರ್ತೀನಿ, ಆಮೇಲೆ ನಿದ್ದೆ ಇಲ್ಲ. ಹೋದ ತಿಂಗಳು ನೋಟು ಎಣಿಸೋವಾಗ ಲೆಕ್ಕ ತಪ್ಪಿ ಸಂಜೆ ಕ್ಯಾಶ್ ಟ್ಯಾಲಿ ಆಗ್ಲಿಲ್ಲ, 4,000 ಕೈಯಿಂದ ಕಟ್ಟಿದೆ, ಮನೇಲಿ ಹೇಳಿಲ್ಲ. ಪಿಯುಸಿ ಓದೋ ಮಗಳ ಮೇಲೆ ಕಿರುಚ್ತೀನಿ, ಆಮೇಲೆ ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ಲೇಡಿ ಡಾಕ್ಟರ್ ಟೆಸ್ಟ್ ಎಲ್ಲ ಮಾಡಿಸಿ ಇದು ಪೆರಿಮೆನೋಪಾಸ್, ಮುಟ್ಟು ನಿಲ್ಲೋಕೆ ಮುಂಚಿನ ಹಂತ ಅಂದ್ರು, ಈಸ್ಟ್ರೋಜನ್ ಜೆಲ್ಲು, ರಾತ್ರಿಗೆ ಪ್ರೊಜೆಸ್ಟರಾನ್ ಕ್ಯಾಪ್ಸೂಲು ಬರೆದುಕೊಟ್ರು. ಎರಡು ತಿಂಗಳಾಯ್ತು, ಚೀಟಿ ಪರ್ಸಲ್ಲೇ ಇದೆ. ನಮ್ಮ ದೊಡ್ಡಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು. ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಗ್ಯಾರಂಟಿ ಅಂತ ಕೊಲೀಗ್ ಒಬ್ರು ಹೇಳ್ತಾರೆ. ಅಮ್ಮ 'ನಾವೆಲ್ಲ ಏನು ಮಾತ್ರೆ ನುಂಗಿದ್ವಾ' ಅಂತಾರೆ (ಅಮ್ಮ ಈಗ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡು ನಮ್ಮನೇಲೇ ಇದಾರೆ), ಅತ್ತೆ ಉಷ್ಣ ಅಂತಾರೆ, ಯಜಮಾನ್ರು ಪ್ರಾಣಾಯಾಮ ಮಾಡು ಅಂತಾರೆ. ಇನ್ನೊಬ್ರು ಡಾಕ್ಟರ್ ಸ್ಕ್ಯಾನ್ ನೋಡಿ ಗರ್ಭಕೋಶದಲ್ಲಿ ಚಿಕ್ಕ ಫೈಬ್ರಾಯ್ಡ್ ಗಡ್ಡೆ (ಕ್ಯಾನ್ಸರ್ ಅಲ್ಲದ್ದು) ಇದೆ, ಎರಡು ಮಕ್ಕಳಾಗಿದೆ, ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ನೂ ಆಗಿದೆ, ಗರ್ಭಕೋಶ ತೆಗೆಸಿಬಿಡಿ ಅಂದ್ರು. ಹಾರ್ಮೋನ್ ತಗೊಳ್ಳೋದು ಸೇಫಾ ಅಕ್ಕಾ, ಒಂದೇ ಮಾತಲ್ಲಿ ಹೇಳಿ."

ತಂಗಿ, ಒಂದೇ ಮಾತಲ್ಲಿ ಆಗಲ್ಲ. ನಿಮ್ಮ ಕೌಂಟರ್ ಮುಂದೆ ಯಾರೋ ಬಂದು "ಮೇಡಂ, ಸಾಲ ತಗೊಳ್ಳೋದು ಸೇಫಾ" ಅಂತ ಕೇಳಿದ್ರೆ ಏನಂತೀರಿ? ಯಾವ ಸಾಲ, ಬಡ್ಡಿ ಎಷ್ಟು, ಎಷ್ಟು ವರ್ಷಕ್ಕೆ, ನಿಮ್ಮ ವಯಸ್ಸೆಷ್ಟು ಸಂಬಳ ಎಷ್ಟು ಅಂತ ಕೇಳ್ತೀರಿ ತಾನೇ. ಮೀಟರ್ ಬಡ್ಡಿನೂ ಸಾಲನೇ, ಹೌಸಿಂಗ್ ಲೋನೂ ಸಾಲನೇ. ಹಾರ್ಮೋನ್ ವಿಷ್ಯಾನೂ ಹಂಗೇ, ನಿಮ್ಮ ಕೊಲೀಗ್ ಹೇಳ್ತಿರೋದು ಯಾವುದೋ ಒಂದು ಸಾಲದ ಕತೆ, ನಿಮ್ಮ ಪರ್ಸಲ್ಲಿರೋದು ಬೇರೆ ಸಾಲದ ಪೇಪರ್ರು.

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. 48ಕ್ಕೆ ಶುರು ಮಾಡಿ ಐದು ವರ್ಷ ತಗೊಂಡು ಬಿಟ್ಟವಳು, ತಗೊಳ್ಳೋಕೆ ಮುಂಚೆ ನಿಮ್ಮಷ್ಟೇ ಹೆದರಿದವಳು. ರಾತ್ರಿ ಮೈ ಉರಿ ತಡೀಲಾರ್ದೆ ಹಾಸಿಗೆ ಬಿಟ್ಟು ಹಳೇ ಮನೆಯ ಕೆಂಪು ಗಾರೆ ನೆಲದ ಮೇಲೆ ಹಂಗೇ ಅಂಗಾತ ಮಲಗ್ತಿದ್ದೆ, ಬೆಳಿಗ್ಗೆ ಹಾಲು ಹಾಕೋಕೆ ಬಂದ ಹುಡುಗ ಕಿಟಕೀಲಿ ನೋಡಿ "ಆಂಟಿ ಬಿದ್ಬಿಟ್ಟಿದಾರೆ" ಅಂತ ಕೂಗಿ ಬೀದಿಗೆಲ್ಲ ಗೊತ್ತಾಗಿತ್ತು. ಇರ್ಲಿ.

ಈ ಕ್ಯಾನ್ಸರ್ ಭಯ ಎಲ್ಲಿಂದ ಬಂತು ಅಂತ ಹೇಳ್ತೀನಿ ಕೇಳಿ. 2002ರ ಜುಲೈಯಲ್ಲಿ ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನೋ ದೊಡ್ಡ ಸ್ಟಡಿಯ ಒಂದು ಭಾಗನ ಅರ್ಧಕ್ಕೇ ನಿಲ್ಲಿಸಿದ್ರು, ಬ್ರೆಸ್ಟ್ ಕ್ಯಾನ್ಸರ್ ಜಾಸ್ತಿ ಆಗ್ತಿದೆ ಅಂತ. ಮಾರನೇ ದಿನ ಪ್ರಪಂಚದ ಪೇಪರ್‌ಗಳಲ್ಲೆಲ್ಲ ಅದೇ ಸುದ್ದಿ, ಲಕ್ಷಾಂತರ ಹೆಂಗಸರು ಮಾತ್ರೆ ಕಸದ ಡಬ್ಬಿಗೆ ಹಾಕಿದ್ರು. ಜಾಸ್ತಿ ಅಂದ್ರೆ ಎಷ್ಟು ಅಂತ ಮಾತ್ರ ಯಾರೂ ಕೇಳ್ಲಿಲ್ಲ. ವರ್ಷಕ್ಕೆ 10,000 ಹೆಂಗಸರಲ್ಲಿ 30 ಜನಕ್ಕೆ ಬರ್ತಿದ್ದದ್ದು 38 ಜನಕ್ಕೆ ಬಂತು. ಆ ಎಂಟು ಜನರ ಮನೇಲಿ ಅದು ಚಿಕ್ಕ ವಿಷ್ಯ ಅಲ್ಲ, ಒಪ್ತೀನಿ. ಆದ್ರೆ ಗ್ಯಾರಂಟಿ ಅನ್ನೋ ಪದ ಎಲ್ಲಿಂದ ಬಂತು? ಇನ್ನೂ ಒಂದು, ಆ ಸ್ಟಡೀಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅಂದ್ರೆ ನಿಮ್ಮ ವಯಸ್ಸಿನವರಲ್ಲ, ಹೆಚ್ಚುಕಮ್ಮಿ ನಿಮ್ಮ ಅಮ್ಮನ ವಯಸ್ಸಿನವರು, ಮುಟ್ಟು ನಿಂತು ಎಷ್ಟೋ ವರ್ಷ ಆದವರು. ಅವ್ರಿಗೆ ಕೊಟ್ಟಿದ್ದೂ ಬೇರೆ, ಗಬ್ಬದ ಕುದುರೆ ಗಂಜಲದಿಂದ ತೆಗೆದ ಈಸ್ಟ್ರೋಜನ್ ಜೊತೆ ಸಿಂಥೆಟಿಕ್ ಪ್ರೊಜೆಸ್ಟಿನ್, ಅಂದ್ರೆ ಪ್ರೊಜೆಸ್ಟರಾನ್ ಥರ ಕೆಲಸ ಮಾಡೋ ಲ್ಯಾಬಲ್ಲಿ ತಯಾರಿಸಿದ್ದು, ಸೇರಿಸಿದ ಮಾತ್ರೆ (ಹೌದು, ಕುದುರೆ ಗಂಜಲ, ಮುಖ ಸಿಂಡರಿಸಬೇಡಿ, ನಮ್ಮಲ್ಲಿ ಗೋಮೂತ್ರಕ್ಕೆ ಕ್ಯೂ ನಿಲ್ತಾರೆ). ಗರ್ಭಕೋಶ ತೆಗೆಸಿದ್ದವರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಭಾಗ ಇತ್ತಲ್ಲ, ಅದರಲ್ಲಿ ಬ್ರೆಸ್ಟ್ ಕ್ಯಾನ್ಸರ್ ಜಾಸ್ತಿ ಆಗ್ಲೇ ಇಲ್ಲ. ಅದು ಯಾವ ಪೇಪರಿನ ಮುಖಪುಟದಲ್ಲೂ ದಪ್ಪಕ್ಷರದಲ್ಲಿ ಬಂದಿದ್ದು ನಾ ಕಾಣೆ.

ನಿಮ್ಮ ಚೀಟೀಲಿರೋದು ನಮ್ಮ ದೇಹದಲ್ಲೇ ಆಗೋ ಎಸ್ಟ್ರಡಯೋಲು ಅನ್ನೋ ಈಸ್ಟ್ರೋಜನ್, ಚರ್ಮದ ಮೂಲಕ ಹೋಗೋದು. ಮಾತ್ರೆ ಆದ್ರೆ ಹೊಟ್ಟೆಯಿಂದ ಲಿವರ್‌ಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟೋ ಅಂಶಗಳನ್ನ ಜಾಸ್ತಿ ಮಾಡುತ್ತೆ, ಜೆಲ್ಲು ಲಿವರ್ ದಾರಿ ಹಿಡಿಯೋದೇ ಇಲ್ಲ, ಅದಕ್ಕೇ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜೆಲ್ಲಿಂದ ಜಾಸ್ತಿ ಆಗೋದು ಕಂಡುಬಂದಿಲ್ಲ. ಕ್ಯಾಪ್ಸೂಲ್ ಯಾಕೆ ಅಂದ್ರೆ ಗರ್ಭಕೋಶ ಇರೋರು ಬರೀ ಈಸ್ಟ್ರೋಜನ್ ತಗೊಂಡ್ರೆ ಅದರ ಒಳಪದರ ದಪ್ಪ ಆಗ್ತಾ ಹೋಗಿ ಅಲ್ಲೇ ಕ್ಯಾನ್ಸರ್ ಆಗಬಹುದು, ಪ್ರೊಜೆಸ್ಟರಾನ್ ಅದನ್ನ ತಡೆಯುತ್ತೆ. ಹಂಗಾಗಿ ಜೆಲ್ಲು ಹಚ್ಕೊಂಡು ಕ್ಯಾಪ್ಸೂಲ್ ಮರೆಯೋದು, ಅಥವಾ ಖರ್ಚು ಉಳಿಸೋಕೆ ಒಂದೇ ತಗೊಳ್ಳೋದು, ಬೇಡವೇ ಬೇಡ. ಮೆಡಿಕಲ್ ಶಾಪ್ ಹುಡುಗ ಆ ಕ್ಯಾಪ್ಸೂಲ್ ಕೊಡುವಾಗ "ಎಷ್ಟು ತಿಂಗಳು ಮೇಡಂ" ಅಂತ ಕೇಳಿದ್ರೆ ಗಾಬರಿ ಆಗಬೇಡಿ, ಗರ್ಭಿಣಿಯರಿಗೂ ಇದನ್ನೇ ಬರೀತಾರೆ, ನನ್ನನ್ನ 48ರಲ್ಲಿ ಕೇಳಿದ್ದ, ಆ ವಾರ ಪೂರ್ತಿ ನಕ್ಕಿದ್ದೆ. ಅದು ಸ್ವಲ್ಪ ನಿದ್ದೆನೂ ತರಿಸುತ್ತೆ, ಅದಕ್ಕೇ ಮಲಗೋವಾಗ ತಗೊಳ್ಳಿ ಅಂತ ಬರೆದಿರೋದು, ನಿಮ್ಮ ವಿಷ್ಯದಲ್ಲಿ ಅದು ಲಾಭನೇ.

ಹಂಗಂತ ಬ್ರೆಸ್ಟ್ ಕ್ಯಾನ್ಸರ್ ಲೆಕ್ಕ ಸೊನ್ನೆ ಅಂತ ನಾನು ಹೇಳಲ್ಲ. 2019ರಲ್ಲಿ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ಕೇಸುಗಳನ್ನ ಒಟ್ಟು ಹಾಕಿದ ಒಂದು ಲೆಕ್ಕ ಬಂತು, ಅದು ಪಾಶ್ಚಾತ್ಯ ದೇಶದ ಹೆಂಗಸರದ್ದು. 50ಕ್ಕೆ ಶುರು ಮಾಡಿ ಐದು ವರ್ಷ ತಗೊಂಡವರನ್ನ 69ರ ತನಕ ನೋಡಿದ್ರೆ, ಹಾರ್ಮೋನೇ ತಗೊಳ್ದೆ ಇರೋ 1,000 ಹೆಂಗಸರಲ್ಲಿ ಸುಮಾರು 63 ಜನಕ್ಕೆ ಬ್ರೆಸ್ಟ್ ಕ್ಯಾನ್ಸರ್ ಬರುತ್ತೆ, ಎರಡೂ ಹಾರ್ಮೋನ್ ದಿನಾ ತಗೊಂಡವರಲ್ಲಿ 83, ಪ್ರೊಜೆಸ್ಟರಾನ್ ಜಾತಿಯದನ್ನ ತಿಂಗಳಲ್ಲಿ ಕೆಲವೇ ದಿನ ತಗೊಂಡವರಲ್ಲಿ 77. ನಮ್ಮ ದೇಶದಲ್ಲಿ ಮೊದಲಿಂದಲೇ ಈ ಕಾಯಿಲೆ ಪ್ರಮಾಣ ಅವ್ರಿಗಿಂತ ಕಡಿಮೆ, ಹಂಗಾಗಿ ಮೇಲೆ ಸೇರೋದೂ ಕಡಿಮೆ ಇರಬೇಕು. ನಿಮ್ಮ ಚೀಟೀಲಿರೋ ಥರದ ಪ್ರೊಜೆಸ್ಟರಾನ್ ಸಿಂಥೆಟಿಕ್ಕಿಗಿಂತ ವಾಸಿ ಅಂತ ಫ್ರಾನ್ಸ್‌ನ ಒಂದು ದೊಡ್ಡ ಸ್ಟಡಿ ಸೂಚಿಸುತ್ತೆ. ಇದನ್ನೆಲ್ಲ ಮುಂದೆ ಇಟ್ಕೊಂಡು, ಇಷ್ಟು ರಿಸ್ಕ್ ನಂಗೆ ಒಪ್ಪಿಗೆನಾ ಅಂತ ನಿರ್ಧಾರ ಮಾಡೋರು ನೀವು. ಒಪ್ಪಿಗೆ ಇಲ್ಲ ಅಂದ್ರೂ ಅದು ಹೇಡಿತನ ಅಲ್ಲ, ಹಾರ್ಮೋನ್ ಅಲ್ಲದ ಔಷಧಿಗಳೂ ಇವೆ, ಡಿಪ್ರೆಶನ್‌ಗೆ ಕೊಡೋ ಕೆಲವು ಮಾತ್ರೆ ಕಡಿಮೆ ಡೋಸಲ್ಲಿ ಬೆವರು ಇಳಿಸುತ್ತೆ, ಕೇಳಿ ನೋಡಿ.

ಇನ್ನು ದೊಡ್ಡಮ್ಮ. ಕಾಗದ ಪೂರ್ತಿ ದೊಡ್ಡಮ್ಮನ ನೆರಳಿದೆ ಆದ್ರೆ ಯಾವ ವಯಸ್ಸಲ್ಲಿ ಆಯ್ತು ಅಂತಲೇ ಬರೆದಿಲ್ಲ ನೀವು. ಅದೇ ಮುಖ್ಯ. 65-70ರಲ್ಲಿ ಒಬ್ಬ ದೊಡ್ಡಮ್ಮಂಗೆ ಬಂದಿದ್ರೆ ಅದೊಂದರಿಂದಲೇ ನಿಮಗೆ ಹಾರ್ಮೋನ್ ಬೇಡ ಅಂತ ಯಾರೂ ಹೇಳಲ್ಲ. 40ರ ಆಸುಪಾಸಲ್ಲಿ ಬಂದಿದ್ರೆ, ಎರಡೂ ಸ್ತನಕ್ಕೆ ಬಂದಿದ್ರೆ, ಅಥವಾ ಅದೇ ಮನೇಲಿ ಇನ್ನೊಬ್ರಿಗೆ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ಆಗಿದ್ರೆ ಕತೆ ಬೇರೆ, ಆಗ ಜೀನ್ ಟೆಸ್ಟ್ ಮಾತು ಬರುತ್ತೆ, ಅದು ಆಗೋ ತನಕ ಚೀಟಿ ಪರ್ಸಲ್ಲೇ ಇರ್ಲಿ. ನಮ್ಮ ಕಡೆ ಈ ಕಾಯಿಲೆ ಹೆಸರನ್ನೇ ಬಾಯಿಬಿಟ್ಟು ಹೇಳಲ್ವಲ್ಲ, "ಅವ್ರಿಗೆ ಅದು ಆಗಿತ್ತಂತೆ" ಅಂತ ಪಿಸುಗುಟ್ಟಿ ಮುಗಿಸ್ತಾರೆ, ಮಕ್ಕಳಿಗೆ ಬೇಕಾದ ಮಾಹಿತಿ ಮಾತ್ರ ಸಿಗಲ್ಲ.

ನಿಮ್ಮ ಡಾಕ್ಟರ್ ಹತ್ರ ಇನ್ನೂ ಒಂದಿಷ್ಟು ಕೇಳೋದಿದೆ. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಆಯ್ತಾ, ಬಿಪಿ ಎಷ್ಟು, ಥೈರಾಯ್ಡು ಮತ್ತೆ ಹಿಮೋಗ್ಲೋಬಿನ್ ನೋಡಿದ್ರಾ, ಯಾಕಂದ್ರೆ ಬೆವರು ಸಿಡಿಮಿಡಿ ಸುಸ್ತು ಇದನ್ನೆಲ್ಲ ಥೈರಾಯ್ಡೂ ಮಾಡುತ್ತೆ. ಹಾರ್ಮೋನ್ ಲೆವೆಲ್ ಟೆಸ್ಟಿಗೆ ಅಂತ ದುಡ್ಡು ಸುರಿಯಬೇಡಿ, 45 ದಾಟಿದ ಮೇಲೆ ಲಕ್ಷಣ ನೋಡಿಯೇ ಹೇಳಬಹುದು, ಅದೂ ಅಲ್ದೆ ಈ ಹಂತದಲ್ಲಿ ಈಸ್ಟ್ರೋಜನ್ ಮೆಟ್ಟಿಲಿಳಿದ ಹಂಗೆ ನಿಧಾನಕ್ಕೆ ಇಳಿಯಲ್ಲ, ಜೋಕಾಲಿ ಥರ ಒಂದಿನ ಮೇಲೆ ಒಂದಿನ ಕೆಳಗೆ, ಇವತ್ತಿನ ರಿಪೋರ್ಟು ಮುಂದಿನ ವಾರಕ್ಕೆ ಸುಳ್ಳಾಗಿರುತ್ತೆ. ಆದ್ರೆ ಡೇಟ್ ಮಧ್ಯದಲ್ಲಿ ಬ್ಲೀಡಿಂಗ್, ಗಡ್ಡೆ ಗಡ್ಡೆ ಬ್ಲೀಡಿಂಗ್ ಇದ್ರೆ ಅದು ಯಾಕೆ ಅಂತ ಮೊದ್ಲು ಪತ್ತೆ ಆಗಬೇಕು, ಆಮೇಲೆ ಹಾರ್ಮೋನ್.

ಗರ್ಭಕೋಶ ತೆಗೆಸಿಬಿಡಿ ಅಂದಿದ್ದು ಓದಿ ನಂಗೆ ನಿಜವಾಗ್ಲೂ ಸಿಟ್ಟು ಬಂತು. ನಿಮ್ಮ ಕಂಪ್ಲೇಂಟ್ ಬೆವರು, ನಿದ್ದೆ, ಸಿಡುಕು. ಅದ್ಯಾವುದೂ ಗರ್ಭಕೋಶದಲ್ಲಿಲ್ಲ ತಂಗಿ! ಮೆದುಳಲ್ಲಿ ಮೈ ಬಿಸಿ ಹದದಲ್ಲಿಡೋ ಒಂದು ಜಾಗ ಇದೆ, ಈಸ್ಟ್ರೋಜನ್ ಏರುಪೇರಾದಾಗ ಅದು ಸಣ್ಣ ಬಿಸಿಗೂ ಬೆಚ್ಚಿಬಿದ್ದು ಬೆವರು ಸುರಿಸುತ್ತೆ. ಗರ್ಭಕೋಶ ತೆಗೆಯೋವಾಗ "ಹೆಂಗೂ ಕೊಯ್ದಿದೀವಲ್ಲ" ಅಂತ ಅಂಡಾಶಯನೂ ತೆಗೆದುಬಿಟ್ರೆ, ಐದಾರು ವರ್ಷದಲ್ಲಿ ಆಗೋ ಮೆನೋಪಾಸು ಒಂದೇ ರಾತ್ರೀಲಿ ಆಗುತ್ತೆ. ಚಿಕ್ಕ ಫೈಬ್ರಾಯ್ಡ್ ಎಷ್ಟೋ ಜನಕ್ಕಿರುತ್ತೆ, ಮುಟ್ಟು ನಿಂತ ಮೇಲೆ ತಾನೇ ಕುಗ್ಗುತ್ತೆ, ಹಾರ್ಮೋನ್ ತಗೊಂಡ್ರೆ ಸ್ವಲ್ಪ ಬೆಳೀಬಹುದು ಅದಕ್ಕೆ ಆಗಾಗ ಸ್ಕ್ಯಾನ್ ಮಾಡಿಸ್ತಿರಬೇಕು ಅಷ್ಟೇ. ತೊಂದ್ರೆ ಕೊಡದ ಅಂಗಾನ "ಇನ್ನೇನು ಕೆಲಸ ಅದಕ್ಕೆ" ಅಂತ ತೆಗೆಯೋ ಈ ಚಾಳಿ ನಮ್ಮ ರಾಜ್ಯದಲ್ಲಿ ಹೊಸದೇನಲ್ಲ, ಕಲಬುರಗಿ ಕಡೆ ತಾಂಡಾಗಳ ಬಡ ಹೆಣ್ಮಕ್ಕಳಿಗೆ ಬೇಡದಿದ್ರೂ ಗರ್ಭಕೋಶ ತೆಗೆದಿದ್ದನ್ನ ಪೇಪರಲ್ಲಿ ಓದಿರ್ತೀರಿ.

ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ, ಅವ್ರ ಕಾಲದಲ್ಲಿ ಯಾರು ಮಾತ್ರೆ ತಗೊಂಡ್ರು. ಆದ್ರೆ ಅವ್ರ ಮಣಿಕಟ್ಟು ನೋಡಿ. ಈಸ್ಟ್ರೋಜನ್ ಕಡಿಮೆ ಆದ ಮೇಲೆ ಮೂಳೆ ಬೇಗ ಸವೆಯುತ್ತೆ, ಬಚ್ಚಲಲ್ಲಿ ಜಾರಿ ಕೈ ಊರಿದ ತಕ್ಷಣ ಮುರಿಯೋದು ಅದಕ್ಕೇ, ಹಾರ್ಮೋನ್ ತಗೊಳ್ತಿರೋ ಅಷ್ಟು ದಿನ ಆ ಸವಕಳಿ ನಿಲ್ಲುತ್ತೆ. ಅವ್ರಿಗೆ ಏನೂ ಆಗ್ಲಿಲ್ಲ ಅಂತಲ್ಲ, ಆಗಿದ್ದಕ್ಕೆ ಹೆಸರಿರ್ಲಿಲ್ಲ. ಅಮ್ಮಂಗೆ ಮೂಳೆ ಟೆಸ್ಟ್ ಮಾಡಿಸಿ ಅಂತಾನೂ ಈ ನೆಪದಲ್ಲೇ ಹೇಳ್ತೀನಿ. ಅತ್ತೆಯ ಉಷ್ಣ ಪೂರ್ತಿ ತಪ್ಪಲ್ಲ, ಖಾರ, ಬಿಸಿಬಿಸಿ ಕಾಫಿ ಕೆಲವ್ರಿಗೆ ಬೆವರು ಎಬ್ಬಿಸುತ್ತೆ, ಸಂಜೆ ಕಾಫಿ ಬಿಟ್ಟು ನೋಡಿ, ಹೆಸರುಬೇಳೆ ಪಾಯಸ ಮಾಡಿಕೊಟ್ರೆ ಖುಷಿಯಾಗಿ ತಿನ್ನಿ. ಪ್ರಾಣಾಯಾಮ ಮನಸ್ಸಿಗೆ ಒಳ್ಳೇದು, ಬೆವರು ಮಾತ್ರ ಅದರಿಂದ ನಿಲ್ಲಲ್ಲ.

ಶುರು ಮಾಡ್ತೀರಿ ಅಂತಾದ್ರೆ, ಜೆಲ್ಲು ತೋಳಿಗೋ ತೊಡೆಗೋ ಹಚ್ಚಿ, ಎದೆಗೆ ಹಚ್ಚಬೇಡಿ, ಪೂರ್ತಿ ಒಣಗೋ ತನಕ ಬಟ್ಟೆ ಹಾಕ್ಕೋಬೇಡಿ, ಕೈ ತೊಳ್ಕೊಳ್ಳಿ, ಮನೇಗೆ ಚಿಕ್ಕ ಮಕ್ಕಳು ಬಂದ್ರೆ ಆ ಜಾಗ ಅವ್ರ ಮೈಗೆ ತಾಗಬಾರ್ದು. ಮೊದಲ ಎರಡು ಮೂರು ತಿಂಗಳು ಸ್ತನದಲ್ಲಿ ನೋವು, ಸ್ಪಾಟಿಂಗ್ (ಹನಿ ಹನಿ ಬ್ಲೀಡಿಂಗ್) ಇರಬಹುದು, ಡೋಸ್ ಹದಕ್ಕೆ ಬರೋಕೆ ಟೈಮ್ ಬೇಕು, ವಾರಕ್ಕೇ "ಕೆಲಸ ಮಾಡ್ಲಿಲ್ಲ" ಅಂತ ಬಿಡಬೇಡಿ. ಮೂರು ತಿಂಗಳಿಗೆ ಡಾಕ್ಟರ್ ಹತ್ರ ಮತ್ತೆ ಹೋಗಿ, ಆಮೇಲೆ ವರ್ಷಕ್ಕೊಂದ್ಸಲ, ಬೇಕಾ ಬೇಡ್ವಾ ಅಂತ ಹೊಸದಾಗಿ ಮಾತಾಡಿ. ಬೇಡ ಅನ್ನಿಸಿದ್ರೆ ಡಾಕ್ಟರ್‌ಗೆ ಹೇಳಿ ಬಿಡಬಹುದು, ಜೀವನಪೂರ್ತಿ ಕಟ್ಟೋ ಇಎಂಐ ಅಲ್ಲ ಇದು. ನಿಮಗೆ ಆಪರೇಷನ್ ಆಗಿದೆ ಸರಿ, ಆಗದೇ ಇರೋರು ಇದನ್ನ ಓದ್ತಿದ್ರೆ ತಿಳ್ಕೊಳ್ಳಿ, ಈ ಹಾರ್ಮೋನ್ ಗರ್ಭನಿರೋಧಕ ಅಲ್ಲ, 47ರಲ್ಲಿ ಬಸಿರಾದೋರನ್ನ ನೋಡಿದೀನಿ.

ನಾಳೆ ಮೊದ್ಲು ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿ, ಯಾವ ವಯಸ್ಸು, ಒಂದು ಕಡೆನಾ ಎರಡೂ ಕಡೆನಾ ಅಂತ ಕೇಳಿ ಬರ್ಕೊಳ್ಳಿ. ಆಮೇಲೆ ಚೀಟಿ ಬರೆದುಕೊಟ್ಟ ಡಾಕ್ಟರ್ ಹತ್ರನೇ ಹೋಗಿ, ಎರಡು ತಿಂಗಳು ತಗೊಂಡಿಲ್ಲ ಅಂತ ನಿಜ ಹೇಳಿ, ಬಯ್ಯಲ್ಲ. ಹೋಗೋವಾಗ ಯಜಮಾನ್ರನ್ನ ಕರ್ಕೊಂಡೋಗಿ, ಒಪ್ಪಿಗೆ ಕೇಳೋಕಲ್ಲ, ಅವ್ರೂ ಕಿವಿಯಾರೆ ಕೇಳಿಸ್ಕೊಳ್ಳಲಿ ಅಂತ. ಪ್ರಾಣಾಯಾಮ ಮಾಡು ಅಂದ ಮನುಷ್ಯಂಗೆ ಆ 4,000 ರೂಪಾಯಿ ವಿಷ್ಯ ಇನ್ನೂ ಗೊತ್ತಿಲ್ಲವಲ್ಲ, ದಾರೀಲಿ ಬೈಕ್ ಮೇಲೆ ಹೇಳಿಬಿಡಿ.