ಮಗುವಿನ ನಾಲಿಗೆ ಬೆಳ್ಳಗಿದೆ, ಹಾಲು ಕುಡಿಸಿದ ಮೇಲೆ ನನಗೆ ಮೊಲೆತೊಟ್ಟು ಉರಿ. ಇದು ಥ್ರಷ್ (ಫಂಗಸ್ ಸೋಂಕು) ಇರಬಹುದಾ?

ಇರಬಹುದು. ನಾಲಿಗೆ ಮೇಲಷ್ಟೇ ಬಿಳಿ ಇದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಾದರೆ ಅದು ಬರೀ ಹಾಲು. ಕೆನ್ನೆಯ ಒಳಗೂ ಮೊಸರಿನ ಚೂರಿನಂಥ ಕಲೆಗಳಿದ್ದು, ಒರೆಸಿದರೂ ಹೋಗದಿದ್ದರೆ ಕ್ಯಾಂಡಿಡಾ ಫಂಗಸ್ ಇರಬಹುದು. ಇಷ್ಟು ದಿನ ನೋವಿಲ್ಲದೆ ಕುಡಿಸಿದವರಿಗೆ ಎರಡೂ ಕಡೆ ಉರಿ ಶುರುವಾದರೆ ಅನುಮಾನ ಜಾಸ್ತಿ, ಆಂಟಿಬಯೋಟಿಕ್ ತೆಗೆದುಕೊಂಡಿದ್ದರಂತೂ ಇನ್ನೂ. ಒಂದೇ ಕಡೆ ನೋವಾದರೆ ಮೊದಲು ಮಗು ಬಾಯಿ ಹಾಕುವ ರೀತಿ ಸರಿಯಿದೆಯಾ ನೋಡಿಸಿ.

ಔಷಧಿ ಇಬ್ಬರಿಗೂ ಒಟ್ಟಿಗೇ ಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಹತ್ತುತ್ತದೆ. ಮಗುವಿನ ಬಾಯಿಗೆ ನಿಸ್ಟಾಟಿನ್ ಹನಿ, ನಿಮಗೆ ಮೈಕೊನಜೋಲ್ ಕ್ರೀಮ್ ಸಾಮಾನ್ಯ. ವೈದ್ಯರು ಹೇಳಿದಷ್ಟು ದಿನ ಹಚ್ಚಿ. ಹಾಲು ನಿಲ್ಲಿಸಬೇಡಿ. ಅಜ್ಜಿ ಹೇಳಿದರೂ ಜೇನು ಸವರಬೇಡಿ. 1 ವರ್ಷದೊಳಗಿನ ಮಗುವಿಗೆ ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ.